ದುರ್ಗದ ದಂಡೂ ಲಂಡನ್ನಿನ ಪಾರ್ಲಿಮೆಂಟೂ

ಚಿತ್ರದುರ್ಗವೆಂದರೆ ನಮಗೆ ಮದಕರಿನಾಯಕ, ಓಬವ್ವ. ಅದೇ ದುರ್ಗ ಕೆಲವು ಕಾಲ ಇಂಗ್ಲಿಷರಿಗೆ ಕಡಲಾಚೆಯ ದಂಡಿನ ನೆಲೆಯಾಗಿದ್ದುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1799ರ ಜುಲೈ 8ರ ಒಪ್ಪಂದದಂತೆ ಮೈಸೂರು ತನ್ನ ರಕ್ಷಣೆಗೆಂದು ಕಂಪನಿಯ ಸೈನ್ಯವನ್ನಿರಿಸಿಕೊಂಡು, ವರ್ಷಕ್ಕೆ 7 ಲಕ್ಷ ವರಹ ತೆರಬೇಕಾಯಿತು. ದೊರೆಗಾಗ ಐದು ವರ್ಷ, ಒಪ್ಪುವುದೇನು, ಒಲ್ಲೆನೆನ್ನುವುದೇನು!

ಡೇರೆ ಗುತ್ತಿಗೆಯ ವರಮಾನ ಹೋದದ್ದು ಮೊದಲಾದ ಕಾರಣಗಳಿಂದ 1809ರಲ್ಲಿ ಮದರಾಸು ಸೈನ್ಯದ ಅಧಿಕಾರಿಗಳು ಗವರ್ನರ್ ಬಾರ್ಲೊ ಮೇಲೆ ತಿರುಗಿಬಿದ್ದರು. ದುರ್ಗದಲ್ಲಿದ್ದ ಎರಡು ಪಟಾಲಮುಗಳು, ದಂಗೆಯೆದ್ದ ಶ್ರೀರಂಗಪಟ್ಟಣವನ್ನು ಸೇರಲು ಆಗಸ್ಟ್‌ನಲ್ಲಿ ಹೊರಟವು. ಪಟ್ಟಣದ ಸಮೀಪ ಅವನ್ನು ತಡೆದವರಲ್ಲಿ ಪೂರ್ಣಯ್ಯನವರ ಮೈಸೂರು ಸವಾರರೂ ಇದ್ದರು. ಎಂಥ ವಿಪರೀತ! ಕಾಯಲೆಂದು ಹಣ ತೆತ್ತು ಇರಿಸಿಕೊಂಡ ದಂಡನ್ನು ತಡೆಯಲು ಮೈಸೂರೇ ಕುದುರೆಯೇರಬೇಕಾಯಿತು. ಮಡಿದವರು ಹೆಚ್ಚಾಗಿ ಸಿಪಾಯಿಗಳು, ಜಗಳ ಅವರದಲ್ಲ.

ಈ ದಂಗೆಯ ಕಾಗದಪತ್ರಗಳು 1810ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದವು. ಅವುಗಳಲ್ಲಿ ತುಂಬಿದ್ದುದು ಬಾರ್ಲೊ ನಡತೆ, ಅಧಿಕಾರಿಗಳ ಅಹವಾಲು. ಕಂದಾಯ ತೆತ್ತ ಮೈಸೂರಿನ ರೈತನಿಗೆ ಆ ಸಭೆಯಲ್ಲಿ ಬಾಯಿರಲಿಲ್ಲ. ಅದೇ ಒಪ್ಪಂದದ ಕಲಮನ್ನು ಹಿಡಿದು 1831ರಲ್ಲಿ ಆಡಳಿತವನ್ನೇ ಕಿತ್ತುಕೊಂಡರು. ಮೈಸೂರಿನ ಹಕ್ಕು 1867ರಲ್ಲಿ ಕಾಮನ್ಸ್ ಸಭೆಯಲ್ಲಿ ಚರ್ಚೆಯಾಯಿತು. 1881ರಲ್ಲಿ ರಾಜ್ಯ ಮರಳಿತು. ಕಪ್ಪ ಮಾತ್ರ ಉಳಿಯಿತು: 1896ರಿಂದ ವರ್ಷಕ್ಕೆ 35 ಲಕ್ಷ ರೂಪಾಯಿ.