ಕಾರವಾರ ಸೀಮೆಯ ಗಾಮಾ ರೋಹಿತಗಳು: ಅಳೆದದ್ದು, ಉಳಿದದ್ದು

ಕೈಗಾ ಅಣುಸ್ಥಾವರದ ಸುತ್ತಲಿನ ವಿಕಿರಣದ ಬಗ್ಗೆ ಹೊಸದಾಗಿ ಹುಡುಕಬೇಕಾದ್ದು ಏನೂ ಇಲ್ಲ, ಎಲ್ಲವೂ ಆನ್‌ಲೈನ್‌ಗೆ ಬಂದಾಗಿದೆ ಎಂಬ ಮಾತು ಈಚಿನ ವಿಚಾರ ಸಂಕಿರಣಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಹೀಗೆನ್ನುವವರು ಮೂರು ಆಧಾರ ತೋರಿಸುತ್ತಾರೆ. ವಿಕಿರಣ ಮಟ್ಟವನ್ನು ಹಗಲಿರುಳು ಅಳೆಯುವ ಯಂತ್ರಗಳ ಜಾಲವಿದೆ. ಪರಿಸರ ಸಮೀಕ್ಷೆಯ ವಾರ್ಷಿಕ ವರದಿಗಳಿವೆ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿವೆ. ಮೂರೂ ನಿಜ, ಮೂರೂ ಉಪಯುಕ್ತ. ಆದರೆ ಮೊದಲನೆಯದರಲ್ಲಿ ಸಿಗುವುದು ಗಂಟೆಗಿಷ್ಟು ಎಂಬ ಒಂದು ಸಂಖ್ಯೆ. ಎರಡನೆಯದರಲ್ಲಿ ಸರಾಸರಿಗಳ ಕೋಷ್ಟಕ. ಮೂರನೆಯದರಲ್ಲಿ, ಯಾವ ಶಕ್ತಿಯ ಕಿರಣ ಎಷ್ಟಿದೆ ಎಂದು ತೋರಿಸುವ ರೋಹಿತದ ಚಿತ್ರ ಸಿಗುತ್ತದೆ, ರೋಹಿತ ಸಿಗುವುದಿಲ್ಲ. ಪ್ರಯೋಗಾಲಯದ ಡಿಟೆಕ್ಟರ್ ಒಂದು ಮಣ್ಣಿನ ಮಾದರಿಯ ಮುಂದೆ ಹದಿನಾರು ಗಂಟೆ ಕುಳಿತು ಎಣಿಸಿದ, ಚಾನೆಲ್‌ನಿಂದ ಚಾನೆಲ್‌ಗೆ ಬದಲಾಗುವ ಆ ಸಾವಿರಾರು ಅಂಕಿಗಳು ಎಲ್ಲಿವೆ ಎಂದು ಕೇಳಿದರೆ ಸಭೆ ಮೌನವಾಗುತ್ತದೆ.

ಒಂದು ಸಂಖ್ಯೆ ಸಾಲದು ಎಂಬುದಕ್ಕೆ ನಮ್ಮ ಕರಾವಳಿಯ ಮಳೆಯೇ ಸಾಕ್ಷಿ. ಮೇ ತಿಂಗಳ ಕೊನೆಗೆ ಘಟ್ಟದ ಕಡೆಯಿಂದ ಗುಡುಗು ಮಳೆ ಬಂದಾಗ ಹೊರಗಿನ ವಿಕಿರಣ ಮಟ್ಟ ಥಟ್ಟನೆ ಏರುತ್ತದೆ. ಪರದೆಯ ಮೇಲಿನ ಅಂಕಿಯನ್ನಷ್ಟೇ ನೋಡುವವರಿಗೆ ಗಾಬರಿ. ಅದೇ ಹೊತ್ತಿನ ರೋಹಿತ ತೆರೆದರೆ ಏರಿಕೆಯೆಲ್ಲ 352 ಮತ್ತು 609 ಕೆಇವಿ ಪೀಕ್‌ಗಳಲ್ಲಿ ಕಾಣುತ್ತದೆ: ಮಣ್ಣಿನಿಂದ ಎದ್ದ ರೇಡಾನ್ ಅನಿಲದ ಸಂತತಿಯಾದ ಸೀಸ–214 ಮತ್ತು ಬಿಸ್ಮತ್–214 ಮಳೆಹನಿಯೊಂದಿಗೆ ನೆಲಕ್ಕಿಳಿದಿವೆ. ಒಂದರ ಅರ್ಧಾಯುಷ್ಯ 27 ನಿಮಿಷ, ಇನ್ನೊಂದರದು 20. ಮಳೆ ನಿಂತ ಎರಡು ಮೂರು ತಾಸಿಗೆ ಎಲ್ಲವೂ ಮೊದಲಿನಂತೆ. ಜೂನ್ ನಡುವೆ ಗಾಳಿ ಪೂರ್ತಿ ಸಮುದ್ರದ ಕಡೆಯಿಂದ ಬೀಸತೊಡಗಿದ ಮೇಲೆ ಎಷ್ಟೇ ಜೋರು ಮಳೆಯಾದರೂ ಅಂಥ ಏರಿಕೆ ಕಾಣುವುದು ಕಡಿಮೆ, ಏಕೆಂದರೆ ಕಡಲ ಗಾಳಿಯಲ್ಲಿ ರೇಡಾನ್ ವಿರಳ. ಇದನ್ನು ಹೇಳಲು ರೋಹಿತ ಬೇಕು. ರೋಹಿತವಿಲ್ಲದ ಅಂಕಿ ಭಯಕ್ಕೂ ಒದಗುತ್ತದೆ, ಸಮಾಧಾನಕ್ಕೂ ಒದಗುತ್ತದೆ, ತಿಳಿವಳಿಕೆಗೆ ಒದಗುವುದಿಲ್ಲ.

ರೋಹಿತವನ್ನು ಅಳೆದು ಕಾದಿಡುವ ಕೆಲಸ ಈ ಭಾಗಕ್ಕೆ ಹೊಸದೇನಲ್ಲ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕೆ ಜಾನ್ ಹರ್ಷೆಲ್ ರೋಹಿತದರ್ಶಕ ಹಿಡಿದು ಜಮಖಂಡಿಗೆ ಬಂದಿದ್ದರು. 1871ರ ಡಿಸೆಂಬರ್‌ನಲ್ಲಿ ನಾರ್ಮನ್ ಲಾಕಿಯರ್ ಕಾಸರಗೋಡಿನ ಬೇಕಲದಲ್ಲಿ ಬೀಡುಬಿಟ್ಟಿದ್ದರು. 1980ರ ಫೆಬ್ರವರಿ 16ರ ಮಧ್ಯಾಹ್ನ ಚಂದ್ರನ ನೆರಳು ಕಾರವಾರ, ಅಂಕೋಲೆಯ ಕರೆಯಲ್ಲೇ ನೆಲ ಹತ್ತಿ ಗದಗ, ರಾಯಚೂರಿನತ್ತ ಸಾಗಿತು. ಆ ದಿನ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ತಂಡ ಸೂರ್ಯನ ಕಿರೀಟದ ಕೆಂಪು ರೇಖೆಯ ರೋಹಿತಗಳನ್ನು ಹಿಡಿದು 1982ರಲ್ಲಿ ಪ್ರಕಟಿಸಿತು. ಅದೇ ಸಂಸ್ಥೆಯ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಶತಮಾನದ ಹಿಂದೆ ತೆಗೆದ ಸೂರ್ಯನ ಛಾಯಾಫಲಕಗಳು ಇಂದು ಡಿಜಿಟಲ್ ರೂಪದಲ್ಲಿ ಸಂಶೋಧಕರಿಗೆ ಲಭ್ಯ. ಖಗೋಳದವರು 1981ರಲ್ಲೇ ಫಿಟ್ಸ್ ಎಂಬ ಕಡತರೂಪವನ್ನು ಪ್ರಕಟಿಸಿ, ಅಳತೆಯ ವಿವರವೆಲ್ಲ ಕಡತದ ತಲೆಯಲ್ಲೇ ಇರುವಂತೆ ಮಾಡಿಕೊಂಡರು. ಅದರ ಫಲವನ್ನು ಈಗ ಆದಿತ್ಯ–ಎಲ್1 ನೌಕೆಯ ವಿಚಾರದಲ್ಲಿ ನೋಡುತ್ತಿದ್ದೇವೆ: ಬ್ಯಾಲಾಳುವಿನ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದ ಪ್ರದಾನ್ ತಾಣದಿಂದ ಕಾಲೇಜು ವಿದ್ಯಾರ್ಥಿಯೂ ಸೌರ ದತ್ತಾಂಶ ಇಳಿಸಿಕೊಳ್ಳಬಹುದು.

ಇಂಥ ಮಾದರಿ ಗಾಮಾದವರಲ್ಲೂ ಇದೆ. ಗಾಮಾ ರೋಹಿತಗಳ ಮೊದಲ ದೊಡ್ಡ ಸಂಗ್ರಹ 1957ರಲ್ಲಿ ಅಮೆರಿಕದ ಇಡಾಹೊ ಪ್ರಯೋಗಾಲಯದಲ್ಲಿ ಆರ್. ಎಲ್. ಹೀತ್ ಹೊರತಂದ ಕ್ಯಾಟಲಾಗ್. ಒಂದೊಂದು ಐಸೊಟೋಪಿಗೆ ಒಂದೊಂದು ರೋಹಿತ, ಜೊತೆಗೆ ಅದನ್ನು ಅಳೆದ ಬಗೆ. 1964ರಲ್ಲಿ ಎರಡನೆಯ ಆವೃತ್ತಿ, 1974ರಲ್ಲಿ ಜರ್ಮೇನಿಯಂ ಡಿಟೆಕ್ಟರಿನ ಸಂಪುಟ. ದಶಕಗಳ ನಂತರ ಇದೇ ಪುಸ್ತಕ ಡಿಜಿಟಲ್ ಆಯಿತು. ಸಾಧ್ಯವಾದದ್ದು ಹೀತ್ ಮೂಲ ಅಳತೆಯನ್ನು ಆದರದಿಂದ ಕಂಡಿದ್ದರಿಂದ.

ಇನ್ನು ಕೈಗಾ. 1989ರಲ್ಲಿ ಸ್ಥಾವರದ ಕೆಲಸ ಶುರುವಾದಾಗ ಜಿಲ್ಲೆಯಲ್ಲಿ ಎಂಥ ಬಿಸಿ ಇತ್ತೆಂಬುದು ಆ ಕಾಲದವರಿಗೆ ಗೊತ್ತು. ಶಿವರಾಮ ಕಾರಂತರು ಅದೇ ವರ್ಷ ಕೈಗಾ ವಿರೋಧವನ್ನೇ ಮುಂದಿಟ್ಟು ಲೋಕಸಭೆಗೆ ಸ್ಪರ್ಧಿಸಿದರು. ಪರ, ವಿರೋಧ ಎರಡೂ ಕಡೆಯವರಿಗೆ ಬೇಕಿದ್ದ ಒಂದು ಸಂಗತಿ ಮಾತ್ರ ಯಾರ ಬಳಿಯೂ ಇರಲಿಲ್ಲ: ಸ್ಥಾವರ ಬರುವ ಮೊದಲು ಈ ಕಾಡು, ಹೊಳೆ, ಕಡಲಿನಲ್ಲಿ ಏನಿತ್ತು ಎಂಬ ಲೆಕ್ಕ. ಆ ಲೆಕ್ಕ ಹಾಕಿದವರಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಪಾತ್ರ ದೊಡ್ಡದು. ಪ್ರೊ. ಕೆ. ಸಿದ್ದಪ್ಪ, ಕೆ. ಎಂ. ಬಾಲಕೃಷ್ಣ, ಎ. ಪಿ. ರಾಧಾಕೃಷ್ಣ, ಎಚ್. ಎಂ. ಸೋಮಶೇಖರಪ್ಪ, ವೈ. ನಾರಾಯಣ ಅವರು ಕರಾವಳಿ ಕರ್ನಾಟಕ, ಕೈಗಾ ಮತ್ತು ಗೋವಾಗಳನ್ನು 1991ರಿಂದ 1994ರವರೆಗೆ ಸಮೀಕ್ಷೆ ಮಾಡಿ ಬರೆದ ವರದಿ ಇವತ್ತಿಗೂ ಈ ಕ್ಷೇತ್ರದ ತಳಪಾಯ. ಉಳ್ಳಾಲದ ಮರಳಿನಲ್ಲಿ ಮೊನಜೈಟ್‌ನಿಂದಾಗಿ ಸಹಜ ವಿಕಿರಣ ಹೆಚ್ಚಿದೆ ಎಂದು 1993ರಲ್ಲಿ ಜಗತ್ತಿಗೆ ತಿಳಿಸಿದ್ದೂ ಇದೇ ಗುಂಪು. 1994ರ ಮೇ ತಿಂಗಳಲ್ಲಿ ರಿಯಾಕ್ಟರಿನ ಗುಮ್ಮಟದ ಕಾಂಕ್ರೀಟ್ ಕುಸಿದು ಕಾಮಗಾರಿ ಹಿಂದೆ ಬಿತ್ತು. ವಾಣಿಜ್ಯ ಮಟ್ಟದ ವಿದ್ಯುತ್ ಉತ್ಪಾದನೆ ಶುರುವಾದದ್ದು 2000ದಲ್ಲಿ. ಆ ವಿಳಂಬ ನಮಗೆ ಇನ್ನಷ್ಟು ಮಳೆಗಾಲಗಳ ಪೂರ್ವಸ್ಥಿತಿಯ ಅಳತೆಯನ್ನು ಒದಗಿಸಿತು.

ಆ ವರ್ಷಗಳ ಪ್ರಯೋಗಾಲಯದ ಕೆಲಸವನ್ನು ಸ್ವಲ್ಪ ವಿವರಿಸಲೇಬೇಕು, ಏಕೆಂದರೆ ಇಂದಿನವರಿಗೆ ಒಂದು ರೋಹಿತದ ಬೆಲೆ ತಿಳಿಯುವುದು ಅಲ್ಲಿ. ಮಲ್ಲಾಪುರ, ಕದ್ರಾ, ಹರ್ಟುಗಾ, ವಿರ್ಜೆಯ ಕಾಡುಗಳಿಂದ ಚೀಲದಲ್ಲಿ ತಂದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಡಬ್ಬಿಯಲ್ಲಿ ತುಂಬಿ, ಗಾಳಿಯಾಡದಂತೆ ಬಿಗಿದು ಒಂದು ತಿಂಗಳು ಇಡಬೇಕು. ರೇಡಾನ್ ಹೊರಹೋಗದೆ ತನ್ನ ಮೂಲವಾದ ರೇಡಿಯಂ ಜೊತೆ ಸಮತೋಲಕ್ಕೆ ಬರಲು ಅಷ್ಟು ಕಾಲ ಬೇಕು. ಆಮೇಲೆ ಸೀಸದ ಗೋಡೆಯ ನಡುವೆ ಡಿಟೆಕ್ಟರ್ ಮೇಲಿಟ್ಟು 60,000 ಸೆಕೆಂಡು ಎಣಿಕೆ. ಸೋಡಿಯಂ ಅಯೊಡೈಡ್ ಹರಳಿನಿಂದ ಶುದ್ಧ ಜರ್ಮೇನಿಯಂಗೆ ದಾಟಿದ್ದು ನಮ್ಮ ತಲೆಮಾರಿನ ದೊಡ್ಡ ಘಟನೆ. ಹಳೆಯ ಹರಳಿನಲ್ಲಿ ಸೀಸಿಯಂ–137ರ 662 ಕೆಇವಿ ಪೀಕ್ ಸುಮಾರು 50 ಕೆಇವಿಯಷ್ಟು ಅಗಲವಾಗಿ ಹರಡಿ ಪಕ್ಕದ 609ರ ಜೊತೆ ಬೆರೆಯುತ್ತಿತ್ತು. ಜರ್ಮೇನಿಯಂನಲ್ಲಿ ಅದು ಎರಡು ಕೆಇವಿಗಿಂತ ಕಿರಿದು. ಬದಲಿಗೆ ಡಿಟೆಕ್ಟರನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯ ಹತ್ತಿರ, ಸದಾ ತಂಪಾಗಿಡಬೇಕು. ಕೈಗಾದಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಹಾಲು, ಮೀನು, ಅಕ್ಕಿ, ಹುಲ್ಲು, ನೀರುಗಳನ್ನು ವರ್ಷವಿಡೀ ಅಳೆಯುತ್ತ ಬಂದಿದೆ. ಕೊಣಾಜೆಯಲ್ಲಿ ಎನ್. ಕರುಣಾಕರ ಅವರು ಕೈಗಾದ ಮಣ್ಣು ಮತ್ತು ಗಿಡಗಳ ಅಧ್ಯಯನವನ್ನು ಮುಂದುವರಿಸಿ, ಪರಿಸರ ವಿಕಿರಣದ ಉನ್ನತ ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದರು. ದೇಶದ ಬೇರೆಡೆ ಇದಕ್ಕಿಂತ ದುಬಾರಿ ಉಪಕರಣಗಳಿದ್ದಿರಬಹುದು. ಒಂದೇ ಕಾಡಿಗೆ ಇಷ್ಟು ನಿಷ್ಠೆಯಿಂದ ಮರಳಿ ಹೋದ ಗುಂಪು ನನಗೆ ಕಂಡಿದ್ದು ಇದೊಂದೇ.

ಇಷ್ಟೆಲ್ಲ ದುಡಿಮೆಯಿಂದ ಪ್ರಕಟಣೆಗೆ ಬಂದದ್ದು ಕೋಷ್ಟಕ: ರೇಡಿಯಂ ಇಷ್ಟು, ಥೋರಿಯಂ ಇಷ್ಟು, ಪೊಟ್ಯಾಸಿಯಂ–40 ಇಷ್ಟು, ಸೀಸಿಯಂ ಇಷ್ಟು ಬೆಕೆರೆಲ್. ಕೋಷ್ಟಕದ ಹಲವು ಮನೆಗಳಲ್ಲಿ ‘ಪತ್ತೆಮಿತಿಗಿಂತ ಕಡಿಮೆ’. ನಿಯತಕಾಲಿಕಗಳು ಕೇಳಿದ್ದು ಅಷ್ಟನ್ನೇ. ಸೀಸಿಯಂ–134ರ ಉದಾಹರಣೆ ತೆಗೆದುಕೊಳ್ಳೋಣ. ಅಣ್ವಸ್ತ್ರ ಪರೀಕ್ಷೆಗಳ ಬೂದಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ರಿಯಾಕ್ಟರಿನ ಇಂಧನದಲ್ಲಿ ಸೀಸಿಯಂ–137ರ ಜೊತೆಗೇ ಇರುತ್ತದೆ. ಹಾಗಾಗಿ ಮಣ್ಣಿನ ಸೀಸಿಯಂ ಎಲ್ಲಿಂದ ಬಂತೆಂದು ಕೇಳಿದಾಗ ಮೊದಲು ನೋಡುವುದು ಅದನ್ನೇ. ಆದರೆ ಅದರ 605ರ ರೇಖೆ ಬಿಸ್ಮತ್–214ರ 609ರ ಪಕ್ಕ. 796ರ ರೇಖೆಗೆ ಆಕ್ಟೀನಿಯಂ–228ರ 795 ಅಂಟಿಕೊಂಡಿದೆ. ಆಕ್ಟೀನಿಯಂ ಥೋರಿಯಂನ ಮರಿ, ನಮ್ಮ ಮಣ್ಣಿನಲ್ಲೆಲ್ಲ ಇದ್ದೇ ಇದೆ. ಜರ್ಮೇನಿಯಂನಲ್ಲೂ ಈ ಜೋಡಿಯನ್ನು ಬಿಡಿಸಲು ಎಚ್ಚರ ಬೇಕು. ಕೋಷ್ಟಕದಲ್ಲಿ ‘ಪತ್ತೆಮಿತಿಗಿಂತ ಕಡಿಮೆ’ ಎಂದಿದ್ದರೆ, ಯಾವ ರೇಖೆ ನೋಡಿ, ಯಾವ ಹಿನ್ನೆಲೆ ಕಳೆದು, ಹಾಗೆ ತೀರ್ಮಾನಿಸಿದರು? ರೋಹಿತವಿದ್ದರೆ ಇಂದಿನ ವಿಧಾನದಲ್ಲಿ ಮತ್ತೆ ನೋಡಬಹುದು. ಕೋಷ್ಟಕವನ್ನು ಮರಳಿ ರೋಹಿತವಾಗಿಸಲು ಬರುವುದಿಲ್ಲ. ಸೀಸಿಯಂ–134ರ ಅರ್ಧಾಯುಷ್ಯ ಎರಡೇ ವರ್ಷವಾದ್ದರಿಂದ ಆ ಮಣ್ಣನ್ನೇ ಈಗ ಹೊಸದಾಗಿ ಎಣಿಸಿಯೂ ಪ್ರಯೋಜನವಿಲ್ಲ.

ಹಳೆಯ ಕಡತಗಳು ಉಳಿದ ಕಡೆಯೂ ತೊಡಕು ಬೇರೆ ಬಗೆಯದು. ಒಂದೊಂದು ಕಂಪನಿಯ ತಂತ್ರಾಂಶಕ್ಕೆ ಒಂದೊಂದು ಕಡತರೂಪ: ಸಿಎನ್‌ಎಫ್, ಸಿಎಚ್‌ಎನ್, ಎಸ್‌ಪಿಸಿ. ಕಂಪ್ಯೂಟರ್ ಬದಲಾದಾಗ ಫ್ಲಾಪಿಗಳು ಪೆಟ್ಟಿಗೆ ಸೇರಿದವು. ನಿವೃತ್ತಿಯ ಜೊತೆ ಪೆಟ್ಟಿಗೆಯೂ ಕೋಣೆ ಬಿಟ್ಟಿತು. ನೂರು ವರ್ಷದ ಗಾಜಿನ ಫಲಕವನ್ನು ಬೆಳಕಿಗೆ ಹಿಡಿದು ಓದಬಹುದು, ಮೂವತ್ತು ವರ್ಷದ ಫ್ಲಾಪಿಯನ್ನು ಓದುವ ಯಂತ್ರವೇ ಸಿಗದು. ಕಡತ ತೆರೆದರೂ ಕ್ಯಾಲಿಬ್ರೇಷನ್ ಇಲ್ಲದಿದ್ದರೆ 1,352ನೇ ಚಾನೆಲ್ ಎಷ್ಟು ಕೆಇವಿ ಎಂದು ತಿಳಿಯುವುದಿಲ್ಲ. ಆ ವಾರದ ಖಾಲಿ ಡಬ್ಬಿಯ ಹಿನ್ನೆಲೆ ಎಣಿಕೆ ಇಲ್ಲದಿದ್ದರೆ ಪೊಟ್ಯಾಸಿಯಂ ಮಣ್ಣಿನದೋ ಗೋಡೆಯದೋ ತಿಳಿಯುವುದಿಲ್ಲ. ಕಡತಕ್ಕೆ ‘ಕೆಡಿ ಎಸ್ 14’ ಎಂದು ಹೆಸರಿದ್ದರೆ ಅದು ಕದ್ರಾವೋ ಕಡವಾಡವೋ ಬಲ್ಲವರು ಒಬ್ಬರೇ ಇರುತ್ತಾರೆ. ಕಾಳಿ ಅಳಿವೆಯ ಚಿಪ್ಪು, ಮೀನುಗಳ ವಿಷಯದಲ್ಲಿ ಈ ಕಷ್ಟ ಇಮ್ಮಡಿ: ಜಾತಿ, ಋತು, ಆಳದ ವಿವರ ಜೀವಶಾಸ್ತ್ರಜ್ಞರ ಪುಸ್ತಕದಲ್ಲಿ, ಎಣಿಕೆ ಭೌತಶಾಸ್ತ್ರಜ್ಞರ ಕಂಪ್ಯೂಟರಿನಲ್ಲಿ.

ಇವಕ್ಕೆಲ್ಲ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಅವಕೆಂಪು ರೋಹಿತದ ರಸಾಯನಶಾಸ್ತ್ರಜ್ಞರು 1988ರಲ್ಲೇ ಜೆಕ್ಯಾಂಪ್–ಡಿಎಕ್ಸ್ ಎಂಬ ಸರಳ ಪಠ್ಯರೂಪಕ್ಕೆ ಬಂದರು. ಗಾಮಾದವರಿಗೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಎಸ್‌ಪಿಇ ರೂಪವಿದೆ. ಅದೂ ಬರಿಯ ಪಠ್ಯ, ಯಾವ ತಂತ್ರಾಂಶವಿಲ್ಲದೆಯೂ ಕಣ್ಣಿಂದ ಓದಬಹುದು. ಮಾದರಿಯ ಹೆಸರು, ದಿನಾಂಕ, ಎಣಿಕೆಯ ಅವಧಿ ಎಲ್ಲ ಮೊದಲ ಸಾಲುಗಳಲ್ಲೇ. 8,192 ಚಾನೆಲ್‌ನ ರೋಹಿತ ನೂರು ಕಿಲೋಬೈಟ್ ದಾಟುವುದಿಲ್ಲ, ಒಂದು ಮೊಬೈಲ್ ಫೋಟೋ ಹಿಡಿಯುವ ಜಾಗದಲ್ಲಿ ಹತ್ತಾರು ರೋಹಿತ ಕೂರುತ್ತವೆ. ಜಾಗ, ಹಣ, ತಂತ್ರಜ್ಞಾನ ಯಾವುದೂ ಅಡ್ಡಿಯಲ್ಲ. ಪಿಡಿಎಫ್ ಏರಿಸಿದರೆ ಡಿಜಿಟಲ್ ಗ್ರಂಥಾಲಯವಾಯಿತು ಎಂಬ ನಂಬಿಕೆಯೇ ಅಡ್ಡಿ.

ಇದರ ಬೆಲೆಯನ್ನು ವಿಕಿರಣದ ಹೊರಗೂ ತೆರುತ್ತಿದ್ದೇವೆ. 1950–60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳ ಸೀಸಿಯಂ–137 ಮಳೆಯೊಂದಿಗೆ ಘಟ್ಟಕ್ಕೆ ಬಿದ್ದು, ಕದಡದ ಕಾಡಿನಲ್ಲಿ ಮಣ್ಣಿನ ಮೇಲ್ಪದರಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ಅರ್ಧಾಯುಷ್ಯ 30 ವರ್ಷವಾದ್ದರಿಂದ ಆ ಮೊದಲ ಸಮೀಕ್ಷೆಯ ಕಾಲದಲ್ಲಿದ್ದುದರಲ್ಲಿ ಸುಮಾರು ಅರ್ಧ ಈಗಲೂ ಇರಬೇಕು. ಅದಕ್ಕಿಂತ ತೀರ ಕಡಿಮೆ ಕಂಡರೆ ಆ ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗಿದೆ ಎಂದರ್ಥ. ಮಣ್ಣಿನ ಸವಕಳಿ ಅಳೆಯಲು ಜಗತ್ತಿನಾದ್ಯಂತ ಬಳಸುವ ವಿಧಾನವಿದು. 2009ರಲ್ಲಿ ಕಾರವಾರದ ಕಡವಾಡದಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದ ಜಿಲ್ಲೆ ಇದು. ಗುಡ್ಡ ಕುಸಿತಕ್ಕೆ ಸೀಸಿಯಂ ಮುನ್ಸೂಚನೆ ಕೊಡುವುದಿಲ್ಲ. ಯಾವ ಇಳಿಜಾರು ಎಷ್ಟು ವೇಗದಲ್ಲಿ ಮಣ್ಣು ಕಳೆದುಕೊಳ್ಳುತ್ತಿದೆ ಎಂದು ಮಾತ್ರ ಹೇಳುತ್ತದೆ. ಅಷ್ಟು ಹೇಳಲೂ ಹಳೆಯ ರೋಹಿತ, ಮಾದರಿ ತೆಗೆದ ಜಾಗ, ಆಳ ಮೂರೂ ಒಟ್ಟಿಗೆ ಬೇಕು. ಅಂಕೋಲೆಯ ಬದಿಗಂತೂ ಕೊರತೆ ಹೆಚ್ಚು. ಅಧ್ಯಯನಗಳ ವೃತ್ತವನ್ನು ಕೈಗಾ ಕೇಂದ್ರವಾಗಿ ಎಳೆದದ್ದರಿಂದ, ನೇರ ದೂರದಲ್ಲಿ 30 ಕಿಲೋಮೀಟರಿನ ಆಸುಪಾಸಿನ ಅಂಕೋಲಾ ಅಂಚಿಗೆ ಬಿತ್ತು. ಗಂಗಾವಳಿಯ ದಡ ಕಾಳಿಯ ದಡದಷ್ಟು ಗಮನ ಪಡೆಯಲಿಲ್ಲ.

2017ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ, ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳು ಕೈಗಾಕ್ಕೆ ಬರಲಿವೆ. ಅವುಗಳ ಮಟ್ಟಿಗೆ ನಾವು ಈಗ ಎಣಿಸುತ್ತಿರುವುದೇ ಪೂರ್ವಸ್ಥಿತಿ. ಆ ಘಟಕಗಳು ಚಾಲೂ ಆಗುವ ಮೊದಲು, ಈ ಸೀಮೆಯಲ್ಲಿ ಅಳೆದ ಪ್ರತಿಯೊಂದು ರೋಹಿತವೂ ಎಸ್‌ಪಿಇ ರೂಪದಲ್ಲಿ, ತನ್ನ ಕ್ಯಾಲಿಬ್ರೇಷನ್ ಮತ್ತು ಹಿನ್ನೆಲೆಯ ಕಡತಗಳೊಂದಿಗೆ, ಊರಿನ ಹೆಸರು ಕನ್ನಡದಲ್ಲೂ ನಮೂದಾಗಿ, ಒಂದು ಪ್ರತಿ ಕೊಣಾಜೆಯಲ್ಲಿ, ಇನ್ನೊಂದು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಇರಬೇಕು. ಪ್ರಬಂಧ ಒಪ್ಪಿಸುವ ವಿದ್ಯಾರ್ಥಿಯಿಂದ ಪಿಡಿಎಫ್ ಜೊತೆಗೆ ರೋಹಿತಗಳನ್ನೂ ವಿಶ್ವವಿದ್ಯಾಲಯ ಕೇಳಿ ಪಡೆಯಬೇಕು. ನಿವೃತ್ತರ ಮನೆಯಲ್ಲಿರುವ ಪೆಟ್ಟಿಗೆಗಳಿಂದ ಕೆಲಸ ಶುರುವಾಗಲಿ. ಅವನ್ನು ಗುರುತಿಸಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.