ಶಸ್ತ್ರಚಿಕಿತ್ಸಾ ಕೊಠಡಿಯ ಸಿಬ್ಬಂದಿಗೆ ಸೋಂಕು ನಿಯಂತ್ರಣ ತರಬೇತಿ

ಆಪರೇಷನ್ ಚೆನ್ನಾಗಿಯೇ ಮುಗಿದಿರುತ್ತದೆ. ಆದರೆ ಕೆಲವು ದಿನಗಳ ಬಳಿಕ ಹೊಲಿಗೆ ಹಾಕಿದ ಜಾಗ ಕೆಂಪಾಗಿ ಬಾತು, ಕೀವು ತುಂಬಿಕೊಳ್ಳುತ್ತದೆ. ಇದೇ ಶಸ್ತ್ರಚಿಕಿತ್ಸಾ ಗಾಯದ ಸೋಂಕು. ಇದರಿಂದ ಆಸ್ಪತ್ರೆಯ ವಾಸ ಮತ್ತು ಖರ್ಚು ಹೆಚ್ಚುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯವಾಗುತ್ತದೆ. ಇದನ್ನು ತಡೆಯುವುದು ಸರ್ಜನ್ ಒಬ್ಬರ ಕೆಲಸವಲ್ಲ. ಅರಿವಳಿಕೆ ವೈದ್ಯರು, ದಾದಿಯರು, ತಂತ್ರಜ್ಞರು, ನೆಲ ಒರೆಸುವ ಸಹಾಯಕರು ಎಲ್ಲರೂ ಇದರಲ್ಲಿ ಪಾಲುದಾರರು.

ಹಿನ್ನೆಲೆ

1865ರಲ್ಲಿ ಗ್ಲಾಸ್ಗೋದ ಸರ್ಜನ್ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಬಳಸಿ ಗಾಯದ ಸೋಂಕನ್ನು ತಡೆಯಲು ಆರಂಭಿಸಿದರು. 1890ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾ. ವಿಲಿಯಂ ಹಾಲ್‌ಸ್ಟೆಡ್ ರಬ್ಬರ್ ಕೈಗವಸು ಮಾಡಿಸಿದರು. ಔಷಧದ ದ್ರಾವಣದಿಂದ ದಾದಿಯೊಬ್ಬರ ಕೈಚರ್ಮ ಕೆಟ್ಟದ್ದೇ ಅದಕ್ಕೆ ಕಾರಣ. ಆ ಕೈಗವಸು ರೋಗಿಗಳನ್ನೂ ಕಾಪಾಡುತ್ತದೆ ಎಂಬುದು ತಿಳಿದದ್ದು ನಂತರ.

ಕಲಿಸಬೇಕಾದ ವಿಷಯಗಳು

ಕೈ: ಉಂಗುರ, ಬಳೆ, ಗಡಿಯಾರ ತೆಗೆದಿಟ್ಟು, ಉಗುರು ಕತ್ತರಿಸಿ, ಬೆರಳ ತುದಿಯಿಂದ ಮೊಣಕೈವರೆಗೆ 2ರಿಂದ 5 ನಿಮಿಷ ತೊಳೆಯಬೇಕು. ನೀರು ಮೊಣಕೈ ಕಡೆಗೆ ಇಳಿಯುವಂತೆ ಕೈಗಳನ್ನು ಮೇಲೆತ್ತಿ ಹಿಡಿಯಬೇಕು.

ಉಪಕರಣ: ಮೊದಲು ಬ್ರಷ್‌ನಿಂದ ಉಜ್ಜಿ ತೊಳೆದು, ಆಮೇಲೆ ಆಟೋಕ್ಲೇವ್‌ಗೆ ಇಡಬೇಕು. ಒಣಗಿದ ರಕ್ತದ ಅಡಿಗೆ ಹಬೆ ತಲುಪುವುದಿಲ್ಲ. ಪೊಟ್ಟಣದ ಮೇಲಿನ ಟೇಪಿನ ಬಣ್ಣ ಬದಲಾದರೆ ಅದಕ್ಕೆ ಶಾಖ ತಾಗಿದೆ ಎಂದಷ್ಟೇ ಅರ್ಥ; ಒಳಗಿರುವುದು ಕ್ರಿಮಿರಹಿತ ಎಂಬುದಕ್ಕೆ ಅದೊಂದೇ ಸಾಕ್ಷಿಯಲ್ಲ. ಒದ್ದೆಯಾದ ಪೊಟ್ಟಣವನ್ನು ಬಳಸಬಾರದು.

ರೋಗಿಯ ಸಿದ್ಧತೆ: ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯಂತೆ ಬ್ಲೇಡಿನಿಂದ ಕೂದಲು ಬೋಳಿಸಬಾರದು. ಅಗತ್ಯವಿದ್ದರೆ ಮಾತ್ರ ಕ್ಲಿಪ್ಪರ್ ಬಳಸಬೇಕು. ಆಂಟಿಬಯೋಟಿಕ್ ಬೇಕಾದಲ್ಲಿ ಅದನ್ನು ಕೊಯ್ಯುವುದಕ್ಕೆ ಮುಂಚಿನ 120 ನಿಮಿಷಗಳೊಳಗೆ ಕೊಡಬೇಕು.

ಕೊಠಡಿ: ಬಾಗಿಲು ಮುಚ್ಚಿರಬೇಕು, ಅನಗತ್ಯ ಓಡಾಟ ಸಲ್ಲದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ, ಸೂಜಿ ಬಿಳಿ ಡಬ್ಬಕ್ಕೆ ಹೋಗಬೇಕು.

ಪಟ್ಟಿ ಅಂಟಿಸಿದರೆ ಸಾಲದು

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ಹೊರತಂದಿತು. ನವದೆಹಲಿ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪ್ರಯೋಗಿಸಿದಾಗ ಗಾಯದ ಸೋಂಕು ಶೇ. 6.2ರಿಂದ 3.4ಕ್ಕೆ, ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು. ಅದೇ ಪಟ್ಟಿಯನ್ನು ಕೆನಡಾದ ಒಂಟಾರಿಯೋ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಜಾರಿಗೆ ತಂದಾಗ ಗಮನಾರ್ಹ ಬದಲಾವಣೆ ಕಾಣಲಿಲ್ಲ ಎಂದು 2014ರ ವರದಿ ತಿಳಿಸಿತು. ಟಿಕ್ ಹಾಕುವುದರಿಂದಲ್ಲ, ಪಟ್ಟಿಯಲ್ಲಿರುವುದನ್ನು ತಂಡವಾಗಿ ಮಾಡುವುದರಿಂದ ರೋಗಿ ಉಳಿಯುತ್ತಾನೆ ಎಂಬುದು ತಜ್ಞರ ಅಭಿಪ್ರಾಯ.

ಆದ್ದರಿಂದ ತರಬೇತಿಯನ್ನು ಭಾಷಣಕ್ಕೆ ಸೀಮಿತಗೊಳಿಸದೆ ಕೈಯಾರೆ ಮಾಡಿಸಬೇಕು. ಹೊಳೆಯುವ ದ್ರಾವಣ ಹಚ್ಚಿ, ಕೈ ತೊಳೆಸಿ, ನೇರಳಾತೀತ ದೀಪದ ಕೆಳಗೆ ಹಿಡಿದರೆ ತೊಳೆಯದೆ ಬಿಟ್ಟ ಜಾಗ ಅವರವರ ಕಣ್ಣಿಗೇ ಕಾಣುತ್ತದೆ. ಸಹಾಯಕರಿಗೆ ಅವರಾಡುವ ಮಾತಿನಲ್ಲೇ, ನಮ್ಮ ಕರಾವಳಿಯಲ್ಲಾದರೆ ತುಳು, ಕೊಂಕಣಿ, ಕನ್ನಡದಲ್ಲೇ ಕಲಿಸಬೇಕು. ಕೆಲಸಕ್ಕೆ ಸೇರಿದಾಗ ಒಮ್ಮೆ ಕಲಿಸಿ ಬಿಡದೆ ಆಗಾಗ ಪುನರಾವರ್ತಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, "ಡಾಕ್ಟ್ರೇ, ನಿಮ್ಮ ಕೈಗವಸು ಮೇಜಿಗೆ ತಾಗಿತು, ಬದಲಿಸಿ" ಎಂದು ಹೊಸ ದಾದಿಯೂ ಹೆದರದೆ ಹೇಳುವಂತಿರಬೇಕು. ಹಾಗೆ ಹೇಳಿದವರನ್ನು ಗದರಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಅದರ ಬೆಲೆ ತೆರುವವನು ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿ.

ರೋಗಿ ಮತ್ತು ಮನೆಯವರ ಗಮನಕ್ಕೆ

ಸಕ್ಕರೆ ಕಾಯಿಲೆ, ಧೂಮಪಾನದ ಅಭ್ಯಾಸಗಳಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಆಪರೇಷನ್‌ಗೆ ಮುನ್ನ ಸ್ನಾನ ಮಾಡಿ. ಮನೆಯಲ್ಲಿ ಕೂದಲು ಬೋಳಿಸಿಕೊಂಡು ಹೋಗಬೇಡಿ. ಬ್ಯಾಂಡೇಜ್ ಮುಟ್ಟಬೇಡಿ. ಸೋಂಕು ಮನೆಗೆ ಬಂದ ಮೇಲೂ ಕಾಣಿಸಬಹುದು. ಜ್ವರ, ಕೆಂಪು, ಕೀವು ಕಂಡರೆ ತಡಮಾಡದೆ ಆಸ್ಪತ್ರೆಗೆ ತಿಳಿಸಿ.