ಕಾಣುವ ಬೆಳಕಿನಲ್ಲಿ ಮಂಕಾದ ಸಕ್ರಿಯ ಗೆಲಾಕ್ಸಿ ಕೇಂದ್ರಗಳು

ಗೆಲಾಕ್ಸಿಯ ನಡುವಿನ ಭಾರಿ ಕಪ್ಪುಕುಳಿ ಸುತ್ತಲಿನ ಅನಿಲವನ್ನು ಸೆಳೆದುಕೊಳ್ಳುವಾಗ ಆ ಅನಿಲ ಕಾದು ಪ್ರಖರವಾಗಿ ಹೊಳೆಯುತ್ತದೆ. ಇದೇ ಸಕ್ರಿಯ ಗೆಲಾಕ್ಸಿ ಕೇಂದ್ರ. ಅದರ ರೋಹಿತದಲ್ಲಿ ಜಲಜನಕ, ಆಮ್ಲಜನಕಗಳ ಉತ್ಸರ್ಜನ ರೇಖೆಗಳು ಎದ್ದು ಕಾಣುತ್ತವೆ. ಕೆಲವು ಕೇಂದ್ರಗಳು ಮಾತ್ರ ಕ್ಷ-ಕಿರಣದಲ್ಲಿ ಪ್ರಬಲವಾಗಿದ್ದೂ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಈ ಗುರುತು ಬಿಟ್ಟುಕೊಡುವುದಿಲ್ಲ. 1981ರಲ್ಲಿ ಮಾರ್ಟಿನ್ ಎಲ್ವಿಸ್ ಮತ್ತು ಸಂಗಡಿಗರು ಇಂಥವನ್ನು ಬೇರೆಯಾಗಿ ಗುರುತಿಸಿದರು. 1999ರಲ್ಲಿ ಹಾರಿದ ‘ಚಂದ್ರ’ ಎಂಬ ಕ್ಷ-ಕಿರಣ ದೂರದರ್ಶಕ ಇನ್ನಷ್ಟನ್ನು ತೋರಿಸಿತು.

ಈ ಮಂಕಿಗೆ ಎಲ್ಲರಿಗೂ ಮೊದಲು ಹೊಳೆಯುವ ಕಾರಣ ದೂಳು. ಚಳ್ಳಕೆರೆ ಸೀಮೆಯ ಕುರಿಯುಣ್ಣೆಯ ಕರಿಕಂಬಳಿಯನ್ನು ಒಲೆಯಿಂದ ತುಸು ದೂರದಲ್ಲಿ ಅಡ್ಡ ಹಿಡಿದರೆ ಉರಿ ಕಾಣದು. ಸ್ವಲ್ಪ ಹೊತ್ತಿನ ಮೇಲೆ ಈಚೆ ಬದಿಗೆ ಅಂಗೈ ಇಟ್ಟರೆ ಕಂಬಳಿ ಬೆಚ್ಚಗಾಗಿರುತ್ತದೆ. ಕಪ್ಪುಕುಳಿಯ ಸುತ್ತಲಿನ ದೂಳೂ ಹೀಗೆಯೇ ಬೆಳಕನ್ನು ನುಂಗಿ, ಕಾದು, ಅವಗೆಂಪು ಕಿರಣವಾಗಿ ಹೊರಬಿಡುತ್ತದೆ. ಹೆಚ್ಚು ಶಕ್ತಿಯ ಕ್ಷ-ಕಿರಣಗಳು ಮರೆಯನ್ನು ತೂರಿ ಬರುತ್ತವೆ. ಅಡ್ಡವಿರುವ ಅನಿಲ ಚದರ ಸೆಂಟಿಮೀಟರಿಗೆ 10ರ 24ನೇ ಘಾತದಷ್ಟು ಜಲಜನಕ ಪರಮಾಣುಗಳನ್ನು ಮೀರಿತೆಂದರೆ ಅವೂ ಸೊರಗುತ್ತವೆ. ಎನ್‌ಜಿಸಿ 1068 ಗೆಲಾಕ್ಸಿಯ ಕೇಂದ್ರಕ್ಕೆ ಇಂಥ ದಟ್ಟ ಮರೆಯಿದೆ. 1985ರಲ್ಲಿ ಆಂಟೊನುಚಿ ಮತ್ತು ಮಿಲ್ಲರ್ ಅದರ ಧ್ರುವೀಕೃತ ಬೆಳಕನ್ನಷ್ಟೇ ಬೇರ್ಪಡಿಸಿ ನೋಡಿದಾಗ, ಮರೆಯ ಮೇಲಿನಿಂದ ಹೊರಟು ಚದುರಿ ನಮ್ಮತ್ತ ತಿರುಗಿದ ಬೆಳಕಿನಲ್ಲಿ, ಅಡಗಿದ್ದ ಅಗಲವಾದ ಉತ್ಸರ್ಜನ ರೇಖೆಗಳು ಸಿಕ್ಕವು. ಖಗೋಳವಿಜ್ಞಾನದ ಅತ್ಯಂತ ಸೊಗಸಾದ ಪತ್ತೆಗಳಲ್ಲಿ ಇದೊಂದು.

ಎಲ್ಲ ಮಂಕಿಗೂ ದೂಳನ್ನೇ ಹೊಣೆ ಮಾಡುವಂತಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಹರಕೆಯ ಕೊಬ್ಬರಿ ಧಗಧಗ ಉರಿಯುವಾಗ ಪಕ್ಕದ ಹಣತೆ ದೂರದವರ ಕಣ್ಣಿಗೆ ಬೀಳುವುದಿಲ್ಲ. ದೂರದ ಗೆಲಾಕ್ಸಿಯ ರೋಹಿತ ತೆಗೆದಾಗ ಕೋಟ್ಯಂತರ ನಕ್ಷತ್ರಗಳ ಬೆಳಕೂ ಅದರೊಳಗೆ ಬೆರೆತು, ಕೇಂದ್ರದ ಸಣ್ಣ ರೇಖೆಗಳು ಮುಳುಗಿಹೋಗುತ್ತವೆ. 2002ರಲ್ಲಿ ಮೊರಾನ್ ಮತ್ತು ಸಂಗಡಿಗರು ಹತ್ತಿರದ ಗೆಲಾಕ್ಸಿಗಳನ್ನೇ ದೂರದವುಗಳಂತೆ ಇಡಿಯಾಗಿ ಅಳೆದರು. ಅರ್ಧಕ್ಕಿಂತ ಹೆಚ್ಚಿನವುಗಳ ಗುರುತು ಮಾಯವಾಯಿತು. ಇಷ್ಟು ಸರಳವಾಗಿರುವುದರಿಂದಲೇ ಈ ಕಾರಣವನ್ನು ಮೊದಲು ಪರೀಕ್ಷಿಸಬೇಕು.

ಇನ್ನು ಕೆಲವು ಕೇಂದ್ರಗಳಿಗೆ ಬೀಳುವ ಅನಿಲವೇ ಕಡಿಮೆ. ಆಗ ಕಪ್ಪುಕುಳಿಯನ್ನು ಸುತ್ತುವ ಅನಿಲದ ತಟ್ಟೆ ಒಳಭಾಗದಲ್ಲಿ ವಿರಳವಾಗಿ, ಅನಿಲವನ್ನು ಹೊಳೆಯಿಸಬಲ್ಲ ಅತಿನೇರಳೆ ಕಿರಣಗಳು ಸಾಲದೆ ಹೋಗುತ್ತವೆ.

ಕೇಂದ್ರದ ಹೊಳಪು ದಿನ, ತಿಂಗಳುಗಳಲ್ಲಿ ಏರಿಳಿಯುವುದರಿಂದ ಕ್ಷ-ಕಿರಣವನ್ನು ಒಂದು ವರ್ಷ, ಬೆಳಕನ್ನು ಇನ್ನೊಂದು ವರ್ಷ ಅಳೆದರೆ ಲೆಕ್ಕ ತಪ್ಪಬಹುದು. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೊಸ್ಯಾಟ್ ಕ್ಷ-ಕಿರಣ ಮತ್ತು ಅತಿನೇರಳೆ ಎರಡರಲ್ಲೂ ಒಂದೇ ಹೊತ್ತಿಗೆ ನೋಡಬಲ್ಲುದು. ಅದರ ಅತಿನೇರಳೆ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿತು.